ಸೂರ್ಯಕಾಂತನ ಸೀನೂ ನಿದ್ದೆ ತರದ ಗುಳಿಗೆಯೂ

ಸೀನು ಎಲ್ಲರಿಗೂ ಬರುತ್ತದೆ. ಆದರೆ ಜೀಪು ಡ್ರೈವರ್ ಸೂರ್ಯಕಾಂತನಿಗೆ ಬರುತ್ತಿದ್ದಂಥ ಸೀನನ್ನು ಕಲಬುರಗಿ–ಕಮಲಾಪುರ ರಸ್ತೆಯ ಜನ ಇನ್ನೊಬ್ಬರ ಮೂಗಿನಲ್ಲಿ ಕಂಡಿರಲಿಲ್ಲ. ಮೊದಲು ಅವನ ಎಡಗಣ್ಣು ಕಿರಿದಾಗುತ್ತಿತ್ತು, ಆಮೇಲೆ ಮರೆತುಹೋದ ಯಾವುದೋ ಹೆಸರನ್ನು ನೆನಪಿಗೆ ತಂದುಕೊಳ್ಳುವವನ ಹಾಗೆ ಮುಖ ನಿಧಾನವಾಗಿ ಮೇಲಕ್ಕೇರುತ್ತಿತ್ತು, ಹಿಂದೆ ಕುಳಿತವರು ಮಾತು ನಿಲ್ಲಿಸಿ ಉಸಿರು ಬಿಗಿಹಿಡಿಯುತ್ತಿದ್ದರು. ಕೊನೆಗೆ ಹೊರಬಿದ್ದ ಸದ್ದಿಗೆ ಜೀಪಿನ ಸಡಿಲ ಗಾಜು ಅದುರುತ್ತಿತ್ತು. ಅಲ್ಲಿಗೆ ಮುಗಿಯಿತೆಂದು ಹೊಸಬರು ತಿಳಿಯುತ್ತಿದ್ದರು. ಹಳಬರಿಗೆ ಗೊತ್ತು, ಇನ್ನೂ ಅರ್ಧ ಕೆಲಸ ಬಾಕಿ ಇದೆ ಎಂದು. ಸೂರ್ಯಕಾಂತ ಖಾಕಿ ಕೋಟಿನ ಎದೆಯ ಜೇಬಿನಿಂದ ಹತ್ತಿಯ ಬತ್ತಿಯೊಂದನ್ನು ತೆಗೆದು, ಮೂಗಿನ ಹೊಳ್ಳೆಗೆ ಹದವಾಗಿ ತಾಗಿಸಿ, ಎರಡನೆಯ ಸೀನನ್ನು ತಾನೇ ಕರೆದು ತರುತ್ತಿದ್ದ. ಆಮೇಲಷ್ಟೇ ಗಾಡಿಗೆ ಚಾವಿ.

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತಿರುವ ಶಾಸ್ತ್ರ. ಹೊರಡುವ ಹೊತ್ತಿಗೆ ಒಬ್ಬರು ಒಂದೇ ಸಲ ಸೀನಿದರೆ ಎತ್ತಿದ ಕಾಲನ್ನು ಇಳಿಸಬೇಕು, ಕುಳಿತು ನೀರು ಕುಡಿಯಬೇಕು. ಬಾಡಿಗೆ ಜೀಪಿನಲ್ಲಿ ಅಷ್ಟು ವ್ಯವಧಾನ ಯಾರಿಗಿದೆ? ಜನ ಇಳಿದು ಹಿಂದಿನ ಜೀಪು ಹತ್ತಿಬಿಡುತ್ತಿದ್ದರು. ಗಂಜ್ ಎಂಬ ಕಾಳಿನ ಪೇಟೆಯ ಎದುರು ಗಾಡಿ ನಿಲ್ಲಿಸುವವನಿಗೆ, ಅದೂ ತೊಗರಿಯ ರಾಶಿಯ ಕಾಲದಲ್ಲಿ ಹೊಟ್ಟಿನ ಧೂಳು ಆಕಾಶವನ್ನೇ ಮಬ್ಬಾಗಿಸುವ ಆ ಜಾಗದಲ್ಲಿ, ಸೀನು ತಪ್ಪುವಂತಿರಲಿಲ್ಲ. ಧೂಳು ಅಡಗಿದರೆ ರಸ್ತೆಯ ಎರಡೂ ಬದಿಗೆ ಕಾಂಗ್ರೆಸ್ ಹುಲ್ಲು ಬಿಳಿ ಹೂ ಬಿಟ್ಟು ಕಾದಿರುತ್ತಿತ್ತು. ಬತ್ತಿಯ ಉಪಾಯ ಅವನ ಹೊಟ್ಟೆಪಾಡು ಹುಟ್ಟಿಸಿದ್ದು.

ವಿಚಿತ್ರವೆಂದರೆ ಅವನಿಗೆ ಶಕುನದಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅವನ ತಂದೆ ದತ್ತಪ್ಪನ ಕಾಲಕ್ಕೇ ಮನೆತನ ಬುದ್ಧನ ದಾರಿ ಹಿಡಿದಿತ್ತು. ಆ ಮನೆಯಲ್ಲಿ ರಾಹುಕಾಲಕ್ಕೂ ಮುಹೂರ್ತಕ್ಕೂ ಮಣೆ ಹಾಕುವವರಿರಲಿಲ್ಲ. ಕಲ್ಲು ಹೊರುವ ಕೆಲಸದ ದತ್ತಪ್ಪ ಮಗನಿಗೆ ಬಿಟ್ಟುಹೋದ ಆಸ್ತಿ ಒಂದೇ ಮಾತು: ಯಾರು ಹೇಳಿದರೂ ಒಪ್ಪಬೇಡ, ನೋಡಿ ತಿಳಿದುಕೋ. ಮಗ ಅದನ್ನು ಇನ್ನೂ ಚಿಕ್ಕದು ಮಾಡಿಕೊಂಡಿದ್ದ. ಯಾರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದುದು "ನೋಡಿದ್ರ ತಿಳೀತದ" ಎಂಬುದೊಂದೇ. ಮಳೆ ಬರುತ್ತದೆಯೇ ಎಂದರೂ ಅದೇ, ಮುಂದಿನ ಸರಕಾರ ಯಾರದು ಎಂದರೂ ಅದೇ. ಹಾಗಿದ್ದವನು ದಿನವಿಡೀ ಮೂಗಿಗೆ ಬತ್ತಿ ತುರುಕಿಕೊಳ್ಳುವುದನ್ನು ಕಂಡು ಹೆಂಡತಿ ಬಂಡೆಮ್ಮ, ನಂಬಿಕೆ ಊರವರದು, ಮೂಗು ಮಾತ್ರ ನಿನ್ನದು ಎಂದು ಛೇಡಿಸುತ್ತಿದ್ದಳು. ಅದಕ್ಕೆ ಅವನ ಉತ್ತರ ಸಿದ್ಧವಿತ್ತು: "ನನಗ ನಂಬಿಕಿ ಇಲ್ಲ ಖರೆ. ಗಾಡ್ಯಾಗ ಕುಂತವರಿಗಿ ಅದ ಅಲ್ಲೇನು? ಅವರು ಅಂಜಿಕೊಂಡು ಕುಂತರ ನನಗ ಗಾಡಿ ಹೊಡಿಯಾಕ ಮನಸ್ಸು ಬರಲ್ಲ."

ಎತ್ತರದ ಆಳು. ಮೂಗಿನ ತುದಿಯ ಮೇಲೆ ತುಂಬಿದ ಬಟ್ಟಲನ್ನಿಟ್ಟುಕೊಂಡವನಂತೆ ತಲೆಯನ್ನು ತುಸು ಹಿಂದಕ್ಕೆ ಚೆಲ್ಲಿ, ಹೆಜ್ಜೆಯನ್ನು ನೆಲಕ್ಕೆ ಒತ್ತದೆ ನಡೆಯುತ್ತಿದ್ದ. ಅರಿಯದವರು ಅದನ್ನು ಗರ್ವವೆನ್ನುತ್ತಿದ್ದರು. ಕೋಟಂತೂ ಬೇಸಿಗೆಯ ಉರಿಯಲ್ಲೂ ಮೈಬಿಟ್ಟು ಇಳಿಯುತ್ತಿರಲಿಲ್ಲ. ಅದರ ಜೇಬುಗಳಲ್ಲಿ ಬತ್ತಿಯಷ್ಟೇ ಅಲ್ಲ, ಕೆಟ್ಟುಹೋದ ಗಡಿಯಾರದ ಚಕ್ರ, ಹೆಸರು ತಿಳಿಯದ ಬೀಜ, ಬಿಸಿಲಿಗೆ ಹಿಡಿದರೆ ಬಣ್ಣ ಬದಲಿಸುವ ಒಂದು ಕಲ್ಲು, ಹೀಗೆ ಇನ್ನೂ ಅರ್ಥವಾಗದ ಎಷ್ಟೋ ಸಂಗತಿಗಳು ಅವನ ಬಿಡುವಿಗಾಗಿ ಕಾದಿರುತ್ತಿದ್ದವು. ಕುಸನೂರಿನ ಕಡೆಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಪಕ್ಕದ ಸೀಟಿನಲ್ಲಿ ಸಿಕ್ಕಿಬಿದ್ದರೆ ಕಮಲಾಪುರ ಬರುವವರೆಗೂ ಅವರಿಗೆ ಬಿಡುಗಡೆಯಿಲ್ಲ. ಕಮಲಾಪುರದ ಬಾಳೆ ಕಮಲಾಪುರದಲ್ಲೇ ಯಾಕೆ ಕೆಂಪು ಎಂಬ ಪ್ರಶ್ನೆಗೆ ಯಾರ ಉತ್ತರವೂ ಹಿಡಿಸದೆ, ಅಲ್ಲಿಂದ ಒಂದು ಬಾಳೆಗಂದು ತಂದು ಕಲಬುರಗಿಯ ತನ್ನ ಹಿತ್ತಲಲ್ಲಿ ನೆಟ್ಟು, ಗೊನೆ ಬಿಡುವವರೆಗೆ ಕಾದು, ಬಣ್ಣ ಬಂದಿದೆ ರುಚಿ ಬಂದಿಲ್ಲ ಎಂದು ತೀರ್ಮಾನಿಸಿದ ಮನುಷ್ಯ ಅವನು.

ಆ ಕಂದು ಕೊಟ್ಟವರು ಕಮಲಾಪುರದ ಭಾಗೀರಥಿಬಾಯಿ. ಅವರ ಪರಿಚಯವಾದದ್ದೂ ಸೀನಿನಿಂದಲೇ, ಅಥವಾ ಸೀನಿಗೆ ತೆಗೆದುಕೊಂಡ ಮದ್ದಿನಿಂದ ಎನ್ನಬೇಕು. ಎಂಬತ್ತರ ದಶಕದ ಆರಂಭದಲ್ಲಿ, ಆಗಿನ್ನೂ ಹೊಸದಾಗಿ ಜೀಪು ಹಿಡಿದಿದ್ದ ಸೂರ್ಯಕಾಂತನಿಗೆ ಯಾರೋ ಅಂದಿನ ಅಲರ್ಜಿ ಗುಳಿಗೆ ಕೊಡಿಸಿದರು. ಮೂಗೇನೋ ಒಣಗಿತು, ಅದರ ಹಿಂದೆಯೇ ಕಣ್ಣೂ ಭಾರವಾಯಿತು. ಕಮಲಾಪುರ ಹತ್ತಿರ ಬರುತ್ತಿದ್ದಂತೆ ಜೀಪು ಯಾರ ಅಪ್ಪಣೆಯನ್ನೂ ಕೇಳದೆ ರಸ್ತೆ ಬಿಟ್ಟು, ಬೇಲಿ ದಾಟಿ, ಬಾಳೆಯ ತೋಟದೊಳಗೆ ಹೊಕ್ಕು, ತೇವದ ಮಣ್ಣಿನಲ್ಲಿ ಚಕ್ರ ಹೂತು ನಿಂತಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ತೋಟದ ಒಡತಿ ಭಾಗೀರಥಿಬಾಯಿ, ಹಣೆ ಬರಿದಾದ, ನಡು ಗಟ್ಟಿಯಾದ ನಡುವಯಸ್ಸಿನ ಹೆಂಗಸು, ಓಡಿಬಂದು ಎಲ್ಲರಿಗೂ ನೀರು ಕೊಡಿಸಿ, ನೆಲಕ್ಕುರುಳಿದ ಗೊನೆಯ ಹಣ್ಣನ್ನೇ ಕಿತ್ತು ಹಂಚಿ, ಕಡೆಗೆ ಇವನ ಕಡೆ ತಿರುಗಿ ಮನಸಾರೆ ಬೈದರು. ಸೀನು ಬಂದರೆ ಬರಲಿ, ಹೋಗುವುದು ಮಾನ ಮಾತ್ರ; ನಿದ್ದೆ ಬಂದರೆ ಹೋಗುವುದು ಪ್ರಾಣ ಎಂದರು. ಸೂರ್ಯಕಾಂತ ಅಂದಿನಿಂದ ಗುಳಿಗೆ ಮುಟ್ಟಲಿಲ್ಲ. ಸೀನಿದರೆ ಮುಚ್ಚಿದ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ, ತೂಕಡಿಸಿದರೆ ಮುಚ್ಚಿದ್ದು ತೆರೆದೀತೆಂಬ ಭರವಸೆಯಿಲ್ಲ ಎಂಬುದು ಅವನ ಲೆಕ್ಕ.

ಹಾಗೆ ಶುರುವಾದ ಬೈಗಳು ವಿಶ್ವಾಸಕ್ಕೆ ತಿರುಗಿತು. ಬಾಯಿಯವರ ಬಾಳೆಗೊನೆಗಳು ಕಲಬುರಗಿಗೆ ಹೋಗುವುದು ಸೂರ್ಯಕಾಂತನ ಜೀಪಿನಲ್ಲೇ, ಬಾಯಿಯವರಿಗೆ ಹೊಟ್ಟೆಶೂಲೆ ಎದ್ದಾಗ ಆಸ್ಪತ್ರೆಗೆ ಹಾರಿಸಿಕೊಂಡು ಹೋದವನೂ ಸೂರ್ಯಕಾಂತನೇ. "ಸೂರ್ಯಾ" ಎಂದು ಅವರು ಕರೆದರೆ ಆ ದನಿಯಲ್ಲಿ ಮನೆಯ ಮಗನನ್ನು ಕರೆದ ಸಲುಗೆಯಿರುತ್ತಿತ್ತು. ಹೊರಗಟ್ಟೆಯ ಮೂಲೆಯಲ್ಲಿ ಅವನಿಗೆಂದೇ ಒಂದು ಲೋಟ ಬೋರಲಾಗಿ ಇರುತ್ತಿತ್ತು. ಅವನು ಕೇಳಿದ್ದೇನೂ ಅಲ್ಲ. ಬಾಯಿಯವರೇ ಒಮ್ಮೆ, ನಿನ್ನ ಮೂಗು ಸದಾ ಸೋರುತ್ತದಲ್ಲ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಎಂದು ಕಾರಣ ಹೇಳಿದ್ದರು. ಕಾರಣ ಸಮಂಜಸವಾಗಿಯೇ ಇತ್ತು.

ಮದುವೆಗಳ ಮಾತು ಬಂದಾಗಲೂ ಕಾರಣ ಅದೇ. ಆ ಮನೆಯಿಂದ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಮದುಮಗಳಾಗಿ ಕಲಬುರಗಿಯ ಮಂಗಲ ಕಾರ್ಯಾಲಯಕ್ಕೆ ಹೊರಟರು. ಪಾತ್ರೆ ಪಡಗ, ಬೀಗರ ಗಂಟುಮೂಟೆ, ಸಿಡುಕುವ ಮುದುಕರು, ಇವೆಲ್ಲ ಸೂರ್ಯಕಾಂತನ ಪಾಲಿಗೆ. ಮದುಮಗಳ ಗಾಡಿ ಮಾತ್ರ ಪ್ರತಿಸಲವೂ ಮೋಮಿನಪುರದ ಇಮಾಮುದ್ದೀನನದು. ಇಮಾಮುದ್ದೀನ್ ಗೆಳೆಯನೇ, ಅವನ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ಹೂ ಕಟ್ಟಿದ ಗಾಡಿಯನ್ನು ಹೊಡೆಯುವ ಆಸೆ ಯಾವ ಡ್ರೈವರನಿಗಿಲ್ಲ? ಅದರಲ್ಲೂ ತಾನು ಎತ್ತಿ ಗಾಡಿಗೆ ಹತ್ತಿಸಿ ಶಾಲೆಗೆ ಬಿಟ್ಟ ಮಕ್ಕಳು ಅವರು. ಬಾಯಿಯವರು ಅವನ ಮುಖ ನೋಡಿ ಮರುಗುತ್ತಿದ್ದರು. "ನಿನ್ನ ಸೀನೊಂದು ಇಲ್ಲದಿದ್ರ ನಿನಗ ಹೇಳ್ತಿದ್ದೆ ನೋಡು, ಸೂರ್ಯಾ. ಬಂಗಾರದಂಥಾ ಮನಷ್ಯಾ ನೀನು." ಈ ಮಾತನ್ನು ಸೂರ್ಯಕಾಂತ ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡ. ಸೀನೊಂದು ಇಲ್ಲದಿದ್ದರೆ. ಆ 'ಇಲ್ಲದಿದ್ದರೆ'ಯನ್ನು ನೋಡಿ ತಿಳಿಯುವ ಉಪಾಯ ಅವನಿಗೆ ಎಷ್ಟೋ ವರ್ಷ ಸಿಗಲಿಲ್ಲ.

ಸಿಕ್ಕಿದ್ದು ಶತಮಾನ ಮಗ್ಗುಲಾಗುವ ಹೊತ್ತಿಗೆ, ಶರಣಬಸವೇಶ್ವರ ದೇವಸ್ಥಾನದ ಹತ್ತಿರ ದವಾಖಾನೆ ಇಟ್ಟಿದ್ದ ಡಾಕ್ಟರ್ ನೀಲಕಂಠ ಅವರ ಬಳಿ. ಬಂಡೆಮ್ಮನ ಕೆಮ್ಮಿಗೆಂದು ಹೋಗಿದ್ದಾಗ ಇವನ ಸೀನು ಕೇಳಿ ಡಾಕ್ಟರರು ಪೇಶೆಂಟನ್ನೇ ಬದಲಿಸಿಬಿಟ್ಟರು. ಈಗ ಹೊಸ ನಮೂನೆಯ ಗುಳಿಗೆಗಳು ಬಂದಿವೆ, ಹಳೆಯವುಗಳಂತೆ ನಿದ್ದೆ ಬರಿಸುವುದಿಲ್ಲ ಎಂದರು. ಸೂರ್ಯಕಾಂತ ಕುರ್ಚಿಯ ತುದಿಗೆ ಸರಿದು, ಯಾಕೆ ಬರಿಸುವುದಿಲ್ಲ ಎಂದು ಕೇಳಿದ. ರೋಗಿ ಹಾಗೆಲ್ಲ ಕೇಳುವ ವಾಡಿಕೆಯಿಲ್ಲದಿದ್ದರೂ ಡಾಕ್ಟರರು ಸಮಾಧಾನದ ಮನುಷ್ಯರು. ಧೂಳು ಕಂಡೊಡನೆ ಮೈ ತಾನೇ ಒಂದು ರಸವನ್ನು ಸುರಿಸಿ ಗದ್ದಲ ಎಬ್ಬಿಸುತ್ತದೆ, ಅದೇ ಸೀನು. ಹಳೆಯ ಗುಳಿಗೆ ಆ ಗದ್ದಲವನ್ನು ಅಡಗಿಸುವುದರ ಜೊತೆಗೆ ಮಿದುಳಿನ ಒಳಮನೆಗೂ ನುಗ್ಗಿ ಅಲ್ಲಿನ ದೀಪವನ್ನೂ ಸಣ್ಣದು ಮಾಡುತ್ತಿತ್ತು. ಹೊಸದು ಮೂಗಿನ ಕೆಲಸವನ್ನಷ್ಟೇ ಮಾಡುತ್ತದೆ, ಮಿದುಳಿನ ಹೊಸ್ತಿಲು ದಾಟುವುದಿಲ್ಲ ಎಂದು ಬಿಡಿಸಿ ಹೇಳಿದರು. ಸೂರ್ಯಕಾಂತ ನಕ್ಕ.

"ಹೊಸ್ತಿಲದ ಹೊರಗ ನಿಂತು ಕೆಲಸ ಮಾಡೋ ಗುಳಿಗಿ. ಹಂಗಾದ್ರ ನಮ್ಮಂಥದೇ ಅದ ಬಿಡ್ರೀ."

ಡಾಕ್ಟರರಿಗೆ ಅದು ತಮಾಷೆಯಾಗಿ ಕೇಳಿಸಿತು, ಅವರೂ ನಕ್ಕರು. ಬಂಡೆಮ್ಮ ಮಾತ್ರ ನಗಲಿಲ್ಲ. ಹೊರಡುವಾಗ ಡಾಕ್ಟರರು ಒಂದು ಎಚ್ಚರಿಕೆ ಕೊಟ್ಟರು: ಬಹಳ ಜನಕ್ಕೆ ನಿದ್ದೆ ಬರುವುದಿಲ್ಲ ನಿಜ, ಆದರೂ ಕೆಲವರ ಮೈಗುಣ ಬೇರೆ, ಮೊದಲು ನಿನ್ನ ಮೈಗೆ ಹೇಗೆ ಹಿಡಿಸುತ್ತದೆ ನೋಡಿಕೊಂಡು ಆಮೇಲೆ ಸ್ಟೇರಿಂಗ್ ಮುಟ್ಟು.

ನೋಡಿಕೋ ಎಂದು ಅವನಿಗೆ ಹೇಳಬೇಕೆ? ಮರುದಿನದಿಂದ ಜೀಪನ್ನು ಇಮಾಮುದ್ದೀನನ ತಮ್ಮನಿಗೆ ಒಪ್ಪಿಸಿ, ಗುಳಿಗೆ ನುಂಗಿ, ಕಲಬುರಗಿಯಲ್ಲಿ ನಿದ್ದೆ ಬರಿಸುವುದಕ್ಕೆ ಹೆಸರಾದ ಸ್ಥಳಗಳನ್ನೆಲ್ಲ ಹುಡುಕಿಕೊಂಡು ಹೊರಟ. ಮಟಮಟ ಮಧ್ಯಾಹ್ನ ಹೋಳಿಗೆ ತುಪ್ಪದ ಊಟ ಹೊಡೆದು ಬೇವಿನ ನೆರಳಿನಲ್ಲಿ ಕುಳಿತ, ನಿದ್ದೆ ಬರಲಿಲ್ಲ. ದೇವಸ್ಥಾನದ ಅಂಗಳದ ಪುರಾಣದಲ್ಲಿ ಕಂಬಕ್ಕೆ ಒರಗಿ ಕುಳಿತ. ಸುತ್ತಲಿನ ತಲೆಗಳೆಲ್ಲ ರಾಶಿಗೆ ಬಂದ ತೆನೆಯಂತೆ ಬಾಗಿದಾಗಲೂ ಇವನದು ನೆಟ್ಟಗೆ ನಿಂತಿತ್ತು. ಬಂಡೆಮ್ಮನ ಅಣ್ಣ ಜಗದೇವಪ್ಪನ ಹೊಲದ ವ್ಯಾಜ್ಯದ ಕಥೆಯನ್ನು ಬುಡದಿಂದ ಕೇಳಿದ. ಕಥೆ ಹೇಳುತ್ತ ಹೇಳುತ್ತ ಜಗದೇವಪ್ಪನೇ ನಿದ್ದೆಹೋದ. ಕಡೆಯ ಪರೀಕ್ಷೆಗೆಂದು ಒಂದು ಸನ್ಮಾನ ಸಮಾರಂಭಕ್ಕೆ ಹೋಗಿ ಅಧ್ಯಕ್ಷ ಭಾಷಣ ಮುಗಿಯುವ ತನಕ ಕುಳಿತು ಬಂದ. ಸಭೆಯಲ್ಲಿ ಎಚ್ಚರವಾಗಿ ಉಳಿದವನು ಅವನೊಬ್ಬನೇ. ಅಧ್ಯಕ್ಷರ ಬಗ್ಗೆ ಖಾತ್ರಿಯಾಗಿ ಹೇಳುವಂತಿಲ್ಲ. ಇಷ್ಟಾದ ಮೇಲೆ ಅವನಿಗೆ ಗುಳಿಗೆಯ ಮೇಲೆ ಭರವಸೆ ಬಂತು.

ಸೀನು ಹೋದ ಜಾಗಕ್ಕೆ ಅವನು ನಿರೀಕ್ಷಿಸದೇ ಇದ್ದ ಅತಿಥಿಗಳು ಬಂದರು. ಮೂಗೆಂಬುದು ಸೋರುವುದಕ್ಕಲ್ಲ, ಮೂಸುವುದಕ್ಕೆ ಇರುವುದೆಂದು ಅವನು ಮರೆತೇ ಹೋಗಿದ್ದ. ಬಂಡೆಮ್ಮ ಹಂಚಿನ ಮೇಲೆ ರೊಟ್ಟಿ ತಿರುವಿದಾಗ ಬಂದ ಜೋಳದ ಕಂಪಿಗೆ ಅವನು ತಟ್ಟೆಯ ಮುಂದೆ ಕೈ ಕಟ್ಟಿ ಕುಳಿತುಬಿಟ್ಟ; ಇಷ್ಟು ವರ್ಷ ಇದನ್ನು ಬರೀ ನುಂಗಿದೆನಲ್ಲ ಎಂದು ಅವನಿಗೆ ನಿಜಕ್ಕೂ ದುಃಖವಾಯಿತು. ಇಮಾಮುದ್ದೀನ್ ಅತ್ತರು ಹಚ್ಚುತ್ತಾನೆಂಬುದು ಇಪ್ಪತ್ತು ವರ್ಷದ ಗೆಳೆತನದಲ್ಲಿ ಮೊದಲ ಸಲ ತಿಳಿಯಿತು. ಗಾಡಿಯ ಜನರಿಗೋ ಬೇರೆಯೇ ಪೇಚು. ಜೋಡಿ ಸೀನಿನ ಶುಭಕ್ಕೆ ಅವರು ಎಷ್ಟು ಒಗ್ಗಿಹೋಗಿದ್ದರೆಂದರೆ, ಸೀನೇ ಇಲ್ಲದೆ ಗಾಡಿ ಹೊರಟರೆ ಏನೋ ಕೊರತೆ ಎನಿಸಿ, ಮುದುಕನೊಬ್ಬ ಒಂದೆರಡು ಸೀನಿಯಾದರೂ ಹೊರಡಪ್ಪಾ ಎಂದು ಅಂಗಲಾಚಿದ.

ಕಮಲಾಪುರಕ್ಕೆ ಹೋಗಿ ಭಾಗೀರಥಿಬಾಯಿಯವರಿಗೆ ವರದಿ ಒಪ್ಪಿಸಿದ. ಅವರು ಪಾಂಡುರಂಗ ದೊಡ್ಡವ ಎಂದು ಕೈ ಮುಗಿದರು, ಸಂತೋಷಪಟ್ಟರು. ಆ ಸಂತೋಷ ಸುಳ್ಳಲ್ಲ. ಆದರೆ ಮಾತು ಹಿರಿಯ ಮೊಮ್ಮಗಳ ಮದುವೆಯ ಕಡೆಗೆ ಹೊರಳುತ್ತಿದ್ದಂತೆ ಬಾಳೆಯ ಧಾರಣೆ ವಿಚಾರಿಸತೊಡಗಿದರು. ಸೂರ್ಯಕಾಂತನಿಗೆ ಅದು ಕಾಣದೆ ಹೋಗಲಿಲ್ಲ. ಮನೆಗೆ ಬಂದು ಬಂಡೆಮ್ಮನ ಮುಂದೆ ಹೇಳಿದಾಗ ಅವಳು, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನೆಲವನ್ನು ನೀನು ಸಮ ಮಾಡಿಕೊಟ್ಟರೆ ಅವಳು ಕುಣಿದಾಳೆಯೇ ಎಂದು ಕೇಳಿದಳು. ಅವಳಿಗೆ ಯಾವತ್ತೂ ತಿಳಿದಿದ್ದ ಸಂಗತಿಯದು. ಅವನಿಗೂ ತಿಳಿದಿತ್ತೇನೋ. ಆದರೆ ನೋಡದೆ ತಿಳಿದದ್ದನ್ನು ತಿಳಿವಳಿಕೆಯೆಂದು ಒಪ್ಪುವ ಜಾತಿಯ ಮನುಷ್ಯ ಅವನಾಗಿರಲಿಲ್ಲ, ಬಾಯಿಯವರನ್ನು ಕೆಟ್ಟವರೆಂದು ಊಹಿಸಿಕೊಳ್ಳುವುದಕ್ಕೆ ಅವನ ಮನಸ್ಸು ಒಪ್ಪುತ್ತಲೂ ಇರಲಿಲ್ಲ.

ವೈಶಾಖದ ಒಂದು ಬೆಳಿಗ್ಗೆ ಬಾಯಿಯವರ ಮನೆಯ ಮುಂದೆ ಎರಡು ಜೀಪು ನಿಂತವು. ಸೂರ್ಯಕಾಂತ ತನ್ನದನ್ನು ತೊಳೆದು, ಮುಂಭಾಗಕ್ಕೆ ಚೆಂಡುಹೂವಿನ ಮಾಲೆ ಕಟ್ಟಿಕೊಂಡು ಬಂದಿದ್ದ. ಯಾರೂ ಕಟ್ಟೆಂದಿರಲಿಲ್ಲ. ಇಮಾಮುದ್ದೀನ್ ಅದನ್ನು ನೋಡಿದವನೇ ತನ್ನ ಗಾಡಿಯನ್ನು ಎರಡು ಮಾರು ಹಿಂದಕ್ಕೆ ಸರಿಸಿ, ಇಂಜಿನ್ನಿನಲ್ಲಿ ಏನೋ ಕೆಲಸವಿದ್ದವನಂತೆ ಬಾನೆಟ್ ಎತ್ತಿ ಅದರ ಮರೆಗೆ ಹೋದ. ಮದುಮಗಳು ಬಾಗಿಲಿಗೆ ಬಂದಳು. ಭಾಗೀರಥಿಬಾಯಿ ಮೆಟ್ಟಿಲ ಮೇಲೆ ನಿಂತು ಸೂರ್ಯಕಾಂತನನ್ನು ನೋಡಿದರು. ಅವನ ಮುಖವನ್ನಲ್ಲ, ಮೂಗನ್ನು. ಸುತ್ತಲಿದ್ದ ಬಂಧುಗಳೂ ಒಬ್ಬೊಬ್ಬರಾಗಿ ಅದನ್ನೇ ನೋಡತೊಡಗಿದರು. ಅಂಗಳದಲ್ಲಿ ಧೂಳಿತ್ತು, ಹೂವಿತ್ತು, ಗಂಧದ ಹೊಗೆಯಿತ್ತು. ಎಲ್ಲರೂ ಒಂದು ಸೀನಿಗಾಗಿ ಕಾದರು. ಬಂದಿದ್ದರೆ ಎಲ್ಲವೂ ಎಂದಿನಂತೆ ಸುಸೂತ್ರವಾಗಿ, ಯಾರ ಮನಸ್ಸಿಗೂ ನೋವಾಗದಂತೆ ಮುಗಿದುಹೋಗುತ್ತಿತ್ತು.

ಸೀನು ಬರಲಿಲ್ಲ.

ಬೇಕೆಂದರೆ ಒಂದು ಸುಳ್ಳು ಸೀನು ಸೀನಿಬಿಡುವುದು ಸೂರ್ಯಕಾಂತನಿಗೆ ಕಷ್ಟವಿರಲಿಲ್ಲ. ಪರರ ಸಮಾಧಾನಕ್ಕಾಗಿ ಸೀನುವುದರಲ್ಲಿ ಅವನಷ್ಟು ಪಳಗಿದವರು ಯಾರಿದ್ದರು? ಬಾಯಿಯವರ ಕಣ್ಣಿನ ಸಂಕಟ ಕಂಡು ಅವನಿಗೆ ಒಂದು ಕ್ಷಣ ಹಾಗೆಯೇ ಮಾಡೋಣ ಎನ್ನಿಸಿತು ಕೂಡ. ಆದರೂ ಮಾಡಲಿಲ್ಲ, ಜೀಪಿನ ಬಾಗಿಲ ಬಳಿ ಕೈ ಇಳಿಬಿಟ್ಟು ನಿಂತ. ಕೊನೆಗೆ ಬಾಯಿಯವರೇ ತಲೆ ತಗ್ಗಿಸಿ, ಮದುಮಗಳು ಇಮಾಮುದ್ದೀನನ ಗಾಡಿಯಲ್ಲಿ ಕೂಡಲಿ ಎಂದರು. ಆಗ ಅವನು ಅಷ್ಟು ವರ್ಷಗಳಲ್ಲಿ ಎಂದೂ ಕೇಳದಿದ್ದ ಪ್ರಶ್ನೆ ಕೇಳಿದ.

"ಯಾಕ್ರೀ ಬಾಯಾರ?"

ದನಿಯಲ್ಲಿ ಜಗಳವಿರಲಿಲ್ಲ. ಬಾಳೆ ಯಾಕೆ ಕೆಂಪು, ಗುಳಿಗೆ ಯಾಕೆ ನಿದ್ದೆ ಬರಿಸುವುದಿಲ್ಲ ಎಂದು ಕೇಳುವ ಅದೇ ದನಿ. ಬಾಯಿಯವರು ಬಂಧುಗಳ ಕಡೆ ತಿರುಗಿದರು. ಸುತ್ತಲಿದ್ದ ಯಾರೂ ನೆರವಿಗೆ ಬರಲಿಲ್ಲ.

"ಹೇಳ್ಲಿಕ್ಕೆ ಬರವಲ್ದೋ ಸೂರ್ಯಾ."

"ಇರಲಿ ಬಿಡ್ರೀ. ತಿಳೀತು."

ಅವನು ಮಾಲೆಯನ್ನು ಬಿಚ್ಚಿ ಇಮಾಮುದ್ದೀನನ ಗಾಡಿಗೆ ತಾನೇ ಕಟ್ಟಿದ. ಪಾತ್ರೆಗಳನ್ನೂ ಇಬ್ಬರು ಸೋದರಮಾವಂದಿರನ್ನೂ ತನ್ನ ಜೀಪಿಗೆ ಹತ್ತಿಸಿಕೊಂಡು ಕಲಬುರಗಿಯ ದಾರಿ ಹಿಡಿದ. ಮಾವಂದಿರು ಊರು ದಾಟುವ ಮೊದಲೇ ನಿದ್ದೆಹೋದರು. ಅವನಿಗೆ ದಾರಿಯುದ್ದಕ್ಕೂ ಅಳು ಉಕ್ಕಿಬರುತ್ತಿತ್ತು. ಹಳೆಯ ಸೀನು ಇದ್ದಿದ್ದರೆ ಕಣ್ಣೀರಿಗೆ ಅದನ್ನೇ ಕಾರಣ ಹೇಳಬಹುದಿತ್ತು. ಕಾರ್ಯಾಲಯದ ಬಾಗಿಲಲ್ಲಿ ಇಮಾಮುದ್ದೀನ್ ಬಂದು ಭುಜ ಹಿಡಿದು, ಇನ್ನುಮುಂದೆ ಈ ಮನೆಯ ಮದುವೆ ಬಾಡಿಗೆ ತನಗೂ ಬೇಡ ಎಂದ. ಸೂರ್ಯಕಾಂತ ಒಪ್ಪಲಿಲ್ಲ. ಹುಡುಗಿಯನ್ನು ನಡೆಸಿಕೊಂಡು ಕರೆತರಲಾಗುತ್ತದೆಯೇ ಎಂದು ಕೇಳಿ, ಪಾತ್ರೆ ಇಳಿಸಲು ಹೋದ.

ಮದುವೆ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಕಮಲಾಪುರಕ್ಕೆ ಮರಳುವ ದಿನ ಭಾಗೀರಥಿಬಾಯಿ ಇಮಾಮುದ್ದೀನನ ಜೀಪಿನ ಕಡೆ ಹೋಗಲಿಲ್ಲ. ಸೂರ್ಯಕಾಂತನ ಗಾಡಿಯ ಹತ್ತಿರ ಬಂದರು. ಯಾವತ್ತಿನಂತೆ ಹಿಂದೆ ಸೆರಗು ಒತ್ತರಿಸಿ ಮೂಲೆಗೆ ಕೂಡದೆ, ಮುಂದಿನ ಬಾಗಿಲು ತೆಗೆದು, ಕಷ್ಟಪಟ್ಟು ಹತ್ತಿ ಅವನ ಪಕ್ಕಕ್ಕೆ ಕುಳಿತರು. ಅವನು ಗಾಡಿಗೆ ಚಾವಿ ಕೊಟ್ಟ. ಮಹಾಗಾಂವ ಕ್ರಾಸ್ ದಾಟಿತು. ಬಿಸಿಲು ಏರಿತ್ತು, ಊಟದ ಭಾರವಿತ್ತು, ಆ ವಯಸ್ಸಿನವರಿಗೆ ಜೋಂಪು ಹತ್ತಬೇಕಾದ ಹೊತ್ತು. ಅವರು ಮಾತ್ರ ರಸ್ತೆಯನ್ನೇ ದಿಟ್ಟಿಸುತ್ತಿದ್ದರು.

"ಗುಳಿಗಿ ನೀ ನುಂಗಿದಿ," ಎಂದರು ಕಡೆಗೆ, ಅವನ ಕಡೆ ನೋಡದೆಯೇ. "ನಿದ್ದಿ ನಂದು ಹೋತು."

ಸೂರ್ಯಕಾಂತ ಗೇರು ಇಳಿಸಿದ. ಎದುರು ಬಂದ ಬಾಳೆಯ ಲಾರಿಗೆ ದಾರಿ ಬಿಟ್ಟ. ಅವರು ಮತ್ತೆ, ಸಣ್ಣ ಮೊಮ್ಮಗಳಿಗೂ ಗಂಡು ನೋಡುತ್ತಿದ್ದೇವೆ ಎಂದರು. ಅದರ ಮುಂದೆ ಏನೋ ಹೇಳಬೇಕೆಂದವರು ಹೇಳಲಿಲ್ಲ. ಊರು ಬಂದಾಗ ಕೈ ಹಿಡಿದು ಇಳಿಸಲೇ ಎಂದು ಅವನು ಅನುಮಾನಿಸುವಷ್ಟರಲ್ಲಿ ಅವರೇ ಕೈ ಚಾಚಿದರು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಊರಿನ ಮುಜುಗರಗಳನ್ನೆಲ್ಲ ತಮ್ಮ ಮೈಯ ಯಾವುದೋ ಒಂದು ಕೊರತೆಯ ಮೇಲೆ ಹೇರಿಕೊಂಡು, ನಮಗೆ ನೆಪಗಳನ್ನು ಧಾರಾಳವಾಗಿ ಒದಗಿಸುತ್ತ, ನಮ್ಮನ್ನು ಒಳ್ಳೆಯವರಾಗಿಯೇ ಉಳಿಸುತ್ತ ಬಾಳುತ್ತಾರೆ. ಅವರ ದಾಕ್ಷಿಣ್ಯವನ್ನು ನಾವು ಅವರ ದೋಷವೆಂದು ಎಣಿಸುತ್ತೇವೆ. ಒಂದು ದಿನ ಅವರು ಕೂಗಾಡದೆ, ಕೈಯೆತ್ತದೆ, ಆ ಕೊರತೆಯನ್ನು ವಾಸಿಮಾಡಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲುತ್ತಾರೆ. ರೋಗ ಯಾರಿಗಿತ್ತೆಂಬುದು ನಮಗೆ ಗೊತ್ತಾಗುವುದು ಆಗ.